ಆಗಸ್ಟ್ ತಿಂಗಳಲ್ಲಿ ಬಿತ್ತಿದ ಲೆಟ್ಯೂಸ್ ಮೊಳೆಯುತ್ತಿಲ್ಲ: ಚಳಿಗೆ ಮುಂಚೆ ಸೊಪ್ಪು ಬೆಳೆಯುವುದು ಹೇಗೆ?

ಹಿತ್ತಲಪಾತಿ (ಎಡಿಸನ್, ನ್ಯೂಜೆರ್ಸಿ), ಆಗಸ್ಟ್ 24

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ ನಾಲ್ಕಡಿ ಅಗಲ, ಎಂಟಡಿ ಉದ್ದದ ಎರಡು ಮಡಿಗಳಿವೆ. ಬೇಸಿಗೆಯಲ್ಲಿ ದಂಟು, ಹರಿವೆ, ಬದನೆ ಮೂರೂ ಚೆನ್ನಾಗಿ ಬಂದವು. ಈಗ ಒಂದು ಮಡಿಯನ್ನು ತೆರವು ಮಾಡಿ, ಫಾಲ್‌ನಲ್ಲಿ (ಚಳಿಗಾಲಕ್ಕೆ ಮುಂಚಿನ ಶರತ್ಕಾಲದಲ್ಲಿ) ಲೆಟ್ಯೂಸ್, ಪಾಲಕ್, ಮೆಂತ್ಯ ಬೆಳೆಯೋಣವೆಂದು ಹೊರಟಿದ್ದೇನೆ. ಆಗಸ್ಟ್ 5ರಂದು ಒಮ್ಮೆ, 15ರಂದು ಇನ್ನೊಮ್ಮೆ ಲೆಟ್ಯೂಸ್ ಬಿತ್ತಿದೆ. ದಿನಕ್ಕೆರಡು ಬಾರಿ ನೀರು ಹಾಕಿದರೂ ಒಂದೇ ಒಂದು ಮೊಳಕೆ ಕಾಣಲಿಲ್ಲ. ಪಾಲಕ್ ಸುಮಾರು ಮೂವತ್ತು ಬೀಜ ಹಾಕಿದ್ದರಲ್ಲಿ ನಾಲ್ಕು ಮಾತ್ರ ಎದ್ದಿವೆ. ಬೀಜ ಈ ವರ್ಷ ಕೊಂಡ ಹೊಸ ಪೊಟ್ಟಣದ್ದೇ. ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಬಿತ್ತಿದಾಗ ಎಲ್ಲವೂ ಮೊಳೆತವು, ಆದರೆ ಗಿಡಗಳು ಬೆರಳುದ್ದವಾಗಿ ಅಲ್ಲಿಗೇ ನಿಂತುಬಿಟ್ಟವು. ಹಾಗಾದರೆ ಸರಿಯಾದ ಹೊತ್ತು ಯಾವುದು? ಅಕ್ಟೋಬರ್‌ನಲ್ಲಿ ಹಾಸನದಿಂದ ಅಮ್ಮ ಬರುವವರಿದ್ದಾರೆ. ಅವರು ಇರುವಾಗ ನಮ್ಮ ಹಿತ್ತಲಿನ ಸೊಪ್ಪಿನಿಂದಲೇ ಒಂದು ದಿನವಾದರೂ ಅಡುಗೆಯಾಗಬೇಕೆಂಬುದು ನನ್ನ ಆಸೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಸೊಪ್ಪಿನಮಡಿ (ಪ್ರಿನ್ಸ್‌ಟನ್ ಹತ್ತಿರ, ನ್ಯೂಜೆರ್ಸಿ), ಆಗಸ್ಟ್ 24

ನಿಮ್ಮ ಬೀಜದಲ್ಲಿ ದೋಷವಿಲ್ಲ, ನೀರಿನಲ್ಲೂ ಇಲ್ಲ. ಮಣ್ಣು ಕಾದಿದೆ, ಅಷ್ಟೇ. ಲೆಟ್ಯೂಸ್ ಬೀಜ 16ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಮೊಳೆಯುತ್ತದೆ. ಮಣ್ಣು 28–30 ಡಿಗ್ರಿ ದಾಟಿದರೆ ಬಹಳಷ್ಟು ತಳಿಗಳ ಬೀಜ ಒದ್ದೆಯಾಗಿದ್ದರೂ ಮೊಳೆಯದೆ ಮಲಗುತ್ತದೆ. ಕೆಲವೊಮ್ಮೆ ಆ ನಿದ್ದೆ ಎಷ್ಟು ಗಟ್ಟಿಯೆಂದರೆ, ಮಣ್ಣು ಮತ್ತೆ ತಂಪಾದ ಮೇಲೂ ಅದು ಏಳುವುದಿಲ್ಲ. ಆದ್ದರಿಂದ ಹಳೆಯ ಸಾಲುಗಳು ಇಂದಲ್ಲ ನಾಳೆ ಮೊಳೆತಾವು ಎಂದು ಕಾಯಬೇಡಿ, ಹೊಸದಾಗಿ ಬಿತ್ತಿ. ಮೂರು ವರ್ಷದ ಹಿಂದೆ ನಾನೂ ನಿಮ್ಮ ಹಾಗೆಯೇ ಕಂಗಾಲಾಗಿ, ಮಧ್ಯಾಹ್ನ ಮೂರು ಗಂಟೆಗೆ ಮಡಿಯಲ್ಲಿ ಥರ್ಮಾಮೀಟರ್ ಚುಚ್ಚಿ ನೋಡಿದೆ: ಮೇಲಿನ ಒಂದು ಅಂಗುಲದಲ್ಲಿ 34 ಡಿಗ್ರಿ ಇತ್ತು. ಲೆಟ್ಯೂಸ್ ಬೀಜ ಇರುವುದೂ ಆ ಒಂದು ಅಂಗುಲದೊಳಗೇ.

ನಾನೀಗ ಸಸಿಗಳನ್ನು ಮನೆಯ ಬೇಸ್‌ಮೆಂಟ್‌ನಲ್ಲಿ ಎಬ್ಬಿಸುತ್ತೇನೆ. ಅಲ್ಲಿ ಆಗಸ್ಟ್‌ನಲ್ಲೂ 20–21 ಡಿಗ್ರಿ ಮೀರುವುದಿಲ್ಲ. ತಟ್ಟೆಯಲ್ಲಿ ಒದ್ದೆ ಪೇಪರ್ ಟವೆಲ್ ಹಾಸಿ, ಅದರ ಮೇಲೆ ಬೀಜಗಳನ್ನು ಬಿಡಿಬಿಡಿಯಾಗಿ ಹರಡಿ, ಮೇಲೊಂದು ಪಾರದರ್ಶಕ ಮುಚ್ಚಳ ಇಡಿ, ಏಕೆಂದರೆ ಈ ಬೀಜಕ್ಕೆ ಮೊಳೆಯಲು ಬೆಳಕಿನ ಒತ್ತಾಸೆಯೂ ಬೇಕು. ಎರಡನೆಯ ಅಥವಾ ಮೂರನೆಯ ದಿನ ಬೀಜದ ಚೂಪು ತುದಿಯಿಂದ ಬಿಳಿಯ ಎಳೆಯಂಥ ಬೇರು ಇಣುಕುತ್ತದೆ. ಅದು ಅಕ್ಕಿಕಾಳಿನ ಅರ್ಧದಷ್ಟು ಉದ್ದವಾಗುವ ಮೊದಲೇ, ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಸಸಿ ಟ್ರೇಗೆ ಇಳಿಸಬೇಕು. ತಡಮಾಡಿದರೆ ಬೇರು ಟವೆಲ್‌ನ ಎಳೆಗಳ ನಡುವೆ ಹೊಕ್ಕು, ಎತ್ತುವಾಗ ತುಂಡಾಗುತ್ತದೆ. ಮೇಲೆ ಮಣ್ಣನ್ನು ಉದುರಿಸಿದಂತೆ ಹಾಕಿದರೆ ಸಾಕು. ಮೊಳಕೆ ಮಣ್ಣಿನ ಮೇಲೆ ಕಂಡ ಕೂಡಲೇ ಟ್ರೇಯನ್ನು ಮರದ ನೆರಳಿಗೆ ತನ್ನಿ, ಇಲ್ಲದಿದ್ದರೆ ಕಾಂಡ ಸೊರಗಿ ಬಾಗುತ್ತದೆ. ನಾಲ್ಕು ಎಲೆ ಬಂದ ಮೇಲೆ, ಸಂಜೆಯ ಹೊತ್ತು ಮಡಿಗೆ ನೆಟ್ಟು, ಒಂದು ವಾರ ಶೇಡ್ ನೆಟ್ ಕಟ್ಟಿ.

ನೇರವಾಗಿ ಮಡಿಗೇ ಬಿತ್ತಬೇಕೆಂದಿದ್ದರೆ ಸಂಜೆ ಬಿತ್ತಿ, ತಣ್ಣೀರು ಚಿಮುಕಿಸಿ, ಹಗಲೆಲ್ಲ ನೆರಳು ಮಾಡಿ. ನನ್ನ ಅನುಭವದಲ್ಲಿ ಅದು ಅರ್ಧ ಜೂಜು.

ಪಾಲಕ್ ಬಗ್ಗೆ ಒಂದು ಮಾತು. ನಮ್ಮ ಊರಿನ ಕಡೆ ಪಾಲಕ್ ಎಂದು ಮಾರುವ ಸೊಪ್ಪು ಎಷ್ಟೋ ಸಲ ಬೀಟ್‌ರೂಟ್‌ನ ಒಡಹುಟ್ಟು; ಇಲ್ಲಿನ ಸ್ಪಿನಾಚ್ ಅಲ್ಲ. ನಿಮ್ಮ ಬೀಜ ಉರುಟಾಗಿ ನಯವಾಗಿದೆಯೋ, ಇಲ್ಲವೇ ಬೆಂಡಿನ ತುಂಡಿನಂತೆ ಗಂಟುಗಂಟಾಗಿದೆಯೋ ನೋಡಿ. ಗಂಟುಗಂಟಾಗಿದ್ದರೆ ಅದು ಬೀಟ್ ಜಾತಿಯದು. ಬಿಸಿಲನ್ನು ಹೆಚ್ಚು ತಾಳುತ್ತದೆ, ಆದರೆ ಚಳಿಯಲ್ಲಿ ಸ್ಪಿನಾಚ್‌ನಷ್ಟು ಗಟ್ಟಿಯಲ್ಲ.

ಹಗಲುಬೆಳಕು (ಸೆಂಟ್ರಲ್ ಜೆರ್ಸಿ), ಆಗಸ್ಟ್ 25

ಮೊಳಕೆಯ ವಿಷಯ ಮೇಲಿನವರು ಪೂರ್ಣವಾಗಿ ಹೇಳಿದ್ದಾರೆ. ಹೋದ ವರ್ಷ ನಿಮ್ಮ ಗಿಡಗಳು ಬೆರಳುದ್ದಕ್ಕೇ ನಿಂತದ್ದೇಕೆ ಎಂಬುದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಚಳಿಯ ತಪ್ಪೆಂದು ತಿಳಿದು ಅನೇಕರು ಬಟ್ಟೆ, ಪ್ಲಾಸ್ಟಿಕ್ ಎಂದು ಹಣ ಸುರಿಯುತ್ತಾರೆ. ಗಿಡವನ್ನು ನಿಲ್ಲಿಸುವುದು ಮುಖ್ಯವಾಗಿ ಬೆಳಕಿನ ಕೊರತೆ. ನಮ್ಮ ಅಕ್ಷಾಂಶದಲ್ಲಿ ನವೆಂಬರ್ ಮಧ್ಯದಿಂದ ಜನವರಿ ಕೊನೆಯ ವಾರದವರೆಗೆ ಹಗಲು ಹತ್ತು ಗಂಟೆಗಿಂತ ಕಡಿಮೆ; ಆ ಅವಧಿಯಲ್ಲಿ ಸೊಪ್ಪಿನ ಗಿಡಗಳು ಬದುಕಿರುತ್ತವೆ, ಆದರೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ. ಮೇಯ್ನ್ ರಾಜ್ಯದಲ್ಲಿ ಚಳಿಗಾಲದುದ್ದಕ್ಕೂ ತರಕಾರಿ ತೆಗೆಯುವ ರೈತ ಎಲಿಯಟ್ ಕೋಲ್ಮನ್ ಈ ಹತ್ತು ಗಂಟೆಯ ಲೆಕ್ಕವನ್ನು ಇಲ್ಲಿನ ತೋಟಗಾರರಿಗೆ ಪರಿಚಯ ಮಾಡಿಸಿದವರು. ಅಂದರೆ ನವೆಂಬರ್ ಮಧ್ಯಕ್ಕೆ ಗಿಡ ತನ್ನ ಬೆಳವಣಿಗೆಯ ಬಹುಪಾಲು ಮುಗಿಸಿರಬೇಕು; ಅಲ್ಲಿಂದ ಮುಂದೆ ಮಡಿಯೇ ನಿಮ್ಮ ಫ್ರಿಜ್.

ಲೆಕ್ಕ ಹಾಕುವುದು ಕೊಯ್ಲಿನ ದಿನದಿಂದ ಹಿಂದಕ್ಕೆ. ಪೊಟ್ಟಣದ ಮೇಲೆ ಬರೆದಿರುವ ದಿನಗಳು ಹಗಲು ಬೆಳೆಯುವ ವಸಂತದ ದಿನಗಳು. ಇಲ್ಲಿ ಹಗಲು ದಿನದಿನಕ್ಕೂ ಕುಗ್ಗುವುದರಿಂದ ಅದಕ್ಕೆ ಹದಿನಾಲ್ಕು ದಿನ ಕೂಡಿಸಿ. ಎಲೆ ಲೆಟ್ಯೂಸ್‌ಗೆ 50 ದಿನವೆಂದಿದ್ದರೆ 64 ದಿನ ಹಿಡಿಯಿರಿ. ನಮ್ಮ ಕಡೆ ಮೊದಲ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಕೊನೆಯೊಳಗೆ ಬೀಳುತ್ತದೆ. ಇಂದು ಬಿತ್ತಿದರೆ ಅಕ್ಟೋಬರ್ ಕೊನೆಗೆ ಎಲೆ ಲೆಟ್ಯೂಸ್ ಪೂರ್ಣವಾಗಿ ಕೈಗೆ ಬರುತ್ತದೆ, ಹೊರಗಿನ ಎಲೆಗಳನ್ನು ಅದಕ್ಕೂ ಮುಂಚೆಯೇ ಕಿತ್ತು ತಿನ್ನಬಹುದು. ಗಡ್ಡೆಯಂತೆ ಕಟ್ಟುವ ಐಸ್‌ಬರ್ಗ್ ತಳಿಗಳ ಆಸೆಯನ್ನು ಈ ವರ್ಷಕ್ಕೆ ಬಿಟ್ಟುಬಿಡಿ. ಬ್ಲ್ಯಾಕ್ ಸೀಡೆಡ್ ಸಿಂಪ್ಸನ್, ಬಟರ್‌ಕ್ರಂಚ್, ವಿಂಟರ್ ಡೆನ್ಸಿಟಿ ಇವು ಮೂರರಲ್ಲಿ ಯಾವುದಾದರೂ ಆದೀತು.

ಮೆಂತ್ಯಕ್ಕೆ ಅವಸರವಿಲ್ಲ. ಇಂಡಿಯನ್ ಸ್ಟೋರಿನ ಅಡುಗೆಯ ಮೆಂತ್ಯವನ್ನೇ ರಾತ್ರಿ ನೆನೆಸಿ, ಸೆಪ್ಟೆಂಬರ್ ಮೊದಲ ವಾರದಿಂದ ಹತ್ತು ದಿನಕ್ಕೊಮ್ಮೆ ಒಂದೊಂದು ಹಿಡಿ ಎರಚಿ. ಒಂದು ತಿಂಗಳಲ್ಲಿ ಕಟ್ಟು ಕಟ್ಟಬಹುದು. ಜುಲೈನಲ್ಲಿ ಹೂದಂಟು ಎಬ್ಬಿಸಿ ನಿರಾಸೆ ಮಾಡುವಂಥ ಕೊತ್ತಂಬರಿ, ಸಬ್ಬಸಿಗೆಗಳೂ ಈಗ ನಿಂತು ಎಲೆ ಕೊಡುತ್ತವೆ. ಸ್ಪಿನಾಚ್ ಅನ್ನು ಸೆಪ್ಟೆಂಬರ್ ಮೊದಲ ಎರಡು ವಾರದಲ್ಲಿ ಬಿತ್ತಿ. ದಂಟು, ಬಸಳೆಗಳ ಮೇಲೆ ಮಾತ್ರ ಭರವಸೆ ಇಡಬೇಡಿ. ಮೊದಲ ಫ್ರಾಸ್ಟಿಗೇ ಅವು ಕಪ್ಪಾಗಿ ಕುಸಿಯುತ್ತವೆ.

ಹಸಿರುಹುಳು (ರಾಲಿ, ನಾರ್ತ್ ಕ್ಯಾರೊಲೈನಾ), ಆಗಸ್ಟ್ 27

ನಮ್ಮಲ್ಲಿ ಚಳಿ ತಡವಾಗಿ ಬರುವುದರಿಂದ ನಮ್ಮ ಪಂಚಾಂಗ ನಿಮಗಿಂತ ಎರಡು ಮೂರು ವಾರ ತಡ. ಹುಳುವಿನ ಕಾಟ ಮಾತ್ರ ಎಲ್ಲೆಡೆ ಒಂದೇ. ಲೆಟ್ಯೂಸ್ ಜೊತೆಗೆ ಸಾಸಿವೆ ಸೊಪ್ಪು, ಕೇಲ್, ಅರುಗುಲ ಹಾಕುವುದಾದರೆ ನೆಟ್ಟ ದಿನವೇ ಬಿಲ್ಲಿನಂತೆ ಬಗ್ಗಿಸಿದ ತಂತಿಗಳ ಮೇಲೆ ತೆಳು ಬಿಳಿಯ ರೋ ಕವರ್ (ಗಿಡದ ಸಾಲಿಗೆ ಹೊದಿಸುವ ಬಟ್ಟೆ) ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ. ಕೇಲ್ ಮತ್ತು ಸಾಸಿವೆಯನ್ನು ಹುಡುಕಿಕೊಂಡು ಬರುವ ಬಿಳಿ ಚಿಟ್ಟೆ ಎಲೆಯ ಅಡಿಯಲ್ಲಿ ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿಹುಳು ಎಲೆಯ ನಡುನರದ ಮೇಲೆ ನರದ ಬಣ್ಣದಲ್ಲೇ ಮಲಗಿರುತ್ತದೆ, ಸೊಪ್ಪು ತೊಳೆಯುವಾಗಲೂ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆಯಿದ್ದರೆ ಮೊಲ, ಜಿಂಕೆಗಳಿಗೂ ಅಷ್ಟಿಷ್ಟು ತಡೆಯಾಗುತ್ತದೆ. ಅದೇ ಬಟ್ಟೆ ಮುಂದೆ ಫ್ರಾಸ್ಟಿನ ರಾತ್ರಿಗಳಲ್ಲಿ ಒಂದೆರಡು ಡಿಗ್ರಿಯಷ್ಟು ಬೆಚ್ಚಗೆ ಇಡುತ್ತದೆ.

ಹಿತ್ತಲಪಾತಿ, ನವೆಂಬರ್ 9

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಬೇಸ್‌ಮೆಂಟ್‌ನ ತಟ್ಟೆಯಲ್ಲಿ ಇಟ್ಟ ನಲವತ್ತು ಬೀಜಗಳಲ್ಲಿ ಮೂವತ್ತೈದು ಮೂರೇ ದಿನದಲ್ಲಿ ಬೇರು ಬಿಟ್ಟವು. ಹಲ್ಲುಕಡ್ಡಿಯಿಂದ ಎತ್ತುವಾಗ ಎರಡನ್ನು ಮುರಿದೆ, ಮಡಿಗೆ ಬಂದ ಮೇಲೆ ಐದನ್ನು ಗೊಂಡೆಹುಳು ತಿಂದಿತು, ಉಳಿದವೆಲ್ಲ ನಿಂತಿವೆ. ಅಮ್ಮ ಬಂದ ಎರಡನೆಯ ದಿನವೇ ಮೆಂತ್ಯವನ್ನು ಬೇರುಸಮೇತ ಕಿತ್ತು, ಮಣ್ಣು ಕೊಡವಿ, ನಾಲ್ಕು ಕಟ್ಟು ಮಾಡಿ, ಒಂದನ್ನು ಪಕ್ಕದ ಮನೆಗೆ ಕೊಟ್ಟರು.

ಒಂದು ಸಂದೇಹ ಉಳಿದಿದೆ. ಇಂದು ಬೆಳಿಗ್ಗೆ ಏಳು ಗಂಟೆಗೆ ಬಟ್ಟೆ ಸರಿಸಿ ನೋಡಿದಾಗ ಲೆಟ್ಯೂಸ್ ಎಲೆಗಳು ಗಾಜಿನಂತೆ ಸೆಟೆದಿದ್ದವು; ಹಾಳಾಗುವ ಮೊದಲು ಕಿತ್ತುಬಿಡೋಣವೆಂದು ಒಂದು ಗಿಡ ಕತ್ತರಿಸಿ ತಂದರೆ ಅಡುಗೆಮನೆಯಲ್ಲಿ ಅದು ನೀರಾಗಿ ಜೋತುಬಿತ್ತು. ಉಳಿದವನ್ನು ಏನು ಮಾಡಲಿ?

ಸೊಪ್ಪಿನಮಡಿ, ನವೆಂಬರ್ 9

ಹೆಪ್ಪುಗಟ್ಟಿರುವಾಗ ಮುಟ್ಟಲೇಬೇಡಿ. ಬಿಸಿಲೇರಿ ಹತ್ತು ಗಂಟೆಯಾಗುವಷ್ಟರಲ್ಲಿ ಎಲೆ ತಾನಾಗಿ ಕರಗಿ ಮೆತ್ತಗಾಗುತ್ತದೆ, ಅಲ್ಲಿಯವರೆಗೆ ಕಾಯ್ದು ಕೀಳಿ. ಮೈನಸ್ ಎರಡು ಮೂರು ಡಿಗ್ರಿಯವರೆಗೆ ಬಟ್ಟೆಯಡಿಯ ಲೆಟ್ಯೂಸ್ ತಡೆಯುತ್ತದೆ. ಅದಕ್ಕಿಂತ ಇಳಿಯುವ ಸೂಚನೆ ಬಂದ ಹಿಂದಿನ ಮಧ್ಯಾಹ್ನ ಎಲ್ಲವನ್ನೂ ಕೊಯ್ದು ಫ್ರಿಜ್‌ನಲ್ಲಿಡಿ. ಸ್ಪಿನಾಚ್ ಬಿತ್ತಿದ್ದೀರಾದರೆ ಅದನ್ನು ಈಗಲೇ ಖಾಲಿ ಮಾಡಬೇಡಿ. ಚಳಿಯಲ್ಲಿ ಅದು ಎಲೆಯಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳುತ್ತದೆ. ಬಟ್ಟೆ ಹೊದಿಸಿ ಹಾಗೆಯೇ ಬಿಟ್ಟರೆ ಮಾರ್ಚ್‌ನಲ್ಲಿ ಮತ್ತೆ ಚಿಗುರುತ್ತದೆ.