ಹಳೇ ಡೀಸೆಲ್ ಪಿಕಪ್: ಬಿಸಿ ಇದ್ದಾಗ ಕೀ ತಿರುವಿದ್ರ ಬರೇ 'ಟಕ್'

ಪ್ರಶ್ನೆ: ಹುಬ್ಬಳ್ಳಿ ಎಪಿಎಂಸಿಗೆ ಮಾಲು ಹೊರೋ 12 ವೋಲ್ಟಿನ ಗಾಡಿ. ಮುಂಜಾನೆ ಒಂದ ಸಲಕ್ಕ ಚಾಲೂ ಆಗತೈತಿ. ಲೋಡ್ ಇಳಿಸಿ ಕೀ ತಿರುವಿದ್ರ 'ಟಕ್' ಅಂತೈತಿ, ಇಂಜಿನ್ ತಿರುಗೂದಿಲ್ಲ. ಬ್ಯಾಟರಿ ಹೊಸದು, ದೀಪನೂ ಮಂಕಾಗೂದಿಲ್ಲ. ಸ್ಟಾರ್ಟರ್ ಬದಲಿ ಮಾಡಬೇಕೇನ್ರಿ?

ಉತ್ತರ 1: ಈಗಲೇ ಸ್ಟಾರ್ಟರ್ ಬಿಚ್ಚಬ್ಯಾಡ್ರಿ. ದೀಪ ಮಂಕಾಗಲಿಲ್ಲ ಅಂದ್ರ ಮೋಟಾರಿಗೆ ಕರೆಂಟ್ ಸರಿಯಾಗಿ ಹೊಕ್ಕೇ ಇಲ್ಲ. ಗಾಡಿ ನ್ಯೂಟ್ರಲ್‌ನ್ಯಾಗಿಟ್ಟು ಹ್ಯಾಂಡ್‌ಬ್ರೇಕ್ ಎಳೀರಿ. ಮಲ್ಟಿಮೀಟರಿನ ಕೆಂಪು ವೈರ್ ಸಾಲನಾಯ್ಡಿನ (ಮೋಟಾರಿಗೆ ಕರೆಂಟ್ ಹಾಯಿಸೋ, ಸ್ಟಾರ್ಟರ್ ಮ್ಯಾಲಿನ ಆಯಸ್ಕಾಂತದ ಸ್ವಿಚ್) ಸಣ್ಣ ಟರ್ಮಿನಲ್‌ಗೆ, ಕಪ್ಪು ವೈರ್ ಸ್ಟಾರ್ಟರ್ ಬಾಡಿಗೆ ಹಿಡಿದು, ಇನ್ನೊಬ್ಬರ ಕಡೆ ಕೀ ತಿರುವಿಸ್ರಿ. 7–8 ವೋಲ್ಟ್ ಬಂದ್ರ ಇಗ್ನಿಷನ್ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿರತಾವು, ಇಲ್ಲಾ ವೈರಿನ ಜೋಡಣಿ ಸಡಿಲ. ಬಿಸಿಗೆ ಸಾಲನಾಯ್ಡಿನ ಸುರುಳಿಯ ರೆಸಿಸ್ಟನ್ಸ್ ಏರತೈತಿ, ಅದಕ್ಕ ತಣ್ಣಗಿದ್ದಾಗ ನಡೆದದ್ದು ಮಧ್ಯಾಹ್ನ ನಡಿಯೂದಿಲ್ಲ. ಸ್ವಿಚ್ ಬದಲಿಸಿ, 40 ಆಂಪಿಯರ್ ರಿಲೇನೂ (ಕೀಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸೋ ಸ್ವಿಚ್) ಹಾಕ್ರಿ. ಅದರ ಪಿನ್ನಿನ ನಂಬರ್ ನೋಡಿ ಜೋಡಸ್ರಿ: 30ಕ್ಕ ಬ್ಯಾಟರಿ ಪಾಸಿಟಿವ್ (ನಡುವೆ 30 ಆಂಪಿಯರ್ ಫ್ಯೂಸ್ ಬೇಕೇ ಬೇಕು), 87ರಿಂದ ಸಾಲನಾಯ್ಡ್, 86ಕ್ಕ ಕೀ ವೈರ್, 85 ಅರ್ಥ್.

ಉತ್ತರ 2: ಸಣ್ಣ ಟರ್ಮಿನಲ್‌ನ್ಯಾಗ 10 ವೋಲ್ಟಿನ ಮ್ಯಾಲೆ ಬಂದೂ 'ಟಕ್' ಅಂದ್ರ ಸಾಲನಾಯ್ಡ್ ಒಳಗಿನ ತಾಮ್ರದ ಬಿಲ್ಲಿ ನೋಡ್ರಿ, ಅಂಚು ಕರ್ರಗೆ ಸುಟ್ಟು ಗುಳಿ ಬಿದ್ದಿರತೈತಿ. ಇಂಜಿನ್ನಿನ ಅರ್ಥ್ ಪಟ್ಟಿ ಬೋಲ್ಟನ್ನೂ ಉಜ್ಜಿ ಬಿಗಿ ಮಾಡ್ರಿ.

ಪ್ರಶ್ನೆ ಕೇಳಿದವರು: ಅಳೆದೆ, 7.6 ಬಂತ್ರಿ. ಸ್ವಿಚ್, ರಿಲೇ ಎರಡೂ ಹಾಕಸ್ತೀನಿ.