ಹಳೇ ದೊಡ್ಡ ಸೈಕಲ್ ಫ್ರೇಮಿಗೆ ಸಿಂಗಲ್‌ಸ್ಪೀಡ್ ಸಾಮಾನು: ಮೊದಲು ಯಾವುದು ಕೊಳ್ಳಲಿ?

ಕೊಪ್ಪಳದ ಸವಾರ:
ಎಲ್ಲರಿಗೂ ನಮಸ್ಕಾರ. ಗುಜರಿ ಅಂಗಡಿಯಲ್ಲಿ 22 ಇಂಚಿನ ದೊಡ್ಡ ಸೈಕಲ್ ಫ್ರೇಮ್ ಒಂದು ಸಿಕ್ಕಿದೆ, ಫೋರ್ಕ್ ಸಮೇತ. ಬಿರುಕಿಲ್ಲ, ಬೆಂಡಿಲ್ಲ, ಬಣ್ಣ ಮಾತ್ರ ಹೋಗಿದೆ. ಇದರಲ್ಲಿ ಹಗುರವಾದ ಸಿಂಗಲ್‌ಸ್ಪೀಡ್ (ಗೇರ್ ಬದಲಿಸುವುದಿಲ್ಲದ ಸೈಕಲ್) ಕಟ್ಟಬೇಕು ಅಂತ ಬಹಳ ಆಸೆ. ದಿನಾ ಗಿಣಿಗೇರಾ ಕಡೆ ಕೆಲಸಕ್ಕೆ, ಭಾನುವಾರ ಮುನಿರಾಬಾದ್ ಕಡೆ ಓಡಿಸುತ್ತೇನೆ.

ಆನ್‌ಲೈನಿನಲ್ಲಿ ಆರಿಸಿಟ್ಟಿರುವುದು: 36 ತೂತಿನ 700ಸಿ ಅಲಾಯ್ ರಿಮ್, 120 ಮಿ.ಮೀ. ಹಿಂದಿನ ಹಬ್ (ಗಾಲಿಯ ನಡುಭಾಗ), 46 ಹಲ್ಲಿನ ಕ್ರ್ಯಾಂಕ್ (ಪೆಡಲ್ ಕಡೆಯ ಹಲ್ಲಿನ ಚಕ್ರ), 16 ಹಲ್ಲಿನ ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲಿನ ಚಕ್ರ), ಗೇರ್ ಸೈಕಲ್ಲಿನ ತೆಳು ಚೈನ್, ನೇರ ಹ್ಯಾಂಡಲ್. 700ಸಿ ಅಂದರೂ 28 ಇಂಚು ಅಂದರೂ ಒಂದೇ ಅಂತ ಇಲ್ಲಿನ ಅಂಗಡಿಯವರು ಹೇಳಿದರು. ಆರ್ಡರ್ ಮಾಡಲಾ?

ಬಳ್ಳಾರಿ ಗುಡ್ಡ:
ಇವತ್ತು ಮಾಡಬೇಡಿ ಸರ್. ಮೊದಲು ಗಾಲಿ ತೀರ್ಮಾನ ಆಗಲಿ. ಗಾಲಿ ಗೊತ್ತಾದರೆ ಬ್ರೇಕು, ಹಬ್ಬು, ಹ್ಯಾಂಡಲ್ ಎಲ್ಲ ತಾನಾಗಿ ಗೊತ್ತಾಗುತ್ತದೆ.

28 ಇಂಚು ಅನ್ನುವ ಹೆಸರು ನಂಬಬೇಡಿ. ಟೈರಿನ ಬದಿಯಲ್ಲಿ 40-635 ಅನ್ನುವಂಥ ಸಣ್ಣ ಅಂಕಿ ಇರುತ್ತದೆ, ಅದೇ ನಿಜವಾದ ಅಳತೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರ್ ಕೂರುವ ಜಾಗದ ಅಡ್ಡಳತೆ, ಎರಡೂ ಮಿ.ಮೀ.ನಲ್ಲಿ. ದೊಡ್ಡ ಸೈಕಲ್ಲಿನ 28 × 1½ ಟೈರ್ ಕೂರುವ ಜಾಗದ ಅಡ್ಡಳತೆ 635 ಮಿ.ಮೀ. 700ಸಿ ರಿಮ್ಮಿನದು 622. ನಮ್ಮ ಟೈರ್ ಆ ರಿಮ್ಮಿನ ಮೇಲೆ ನಿಲ್ಲುವುದೇ ಇಲ್ಲ. ದಾರಿಯಲ್ಲಿ ಟೈರ್ ಹರಿದರೆ ಹತ್ತಿರದ ಅಂಗಡಿಯಲ್ಲಿ ಯಾವುದು ಸಿಗುತ್ತದೆ ಅಂತಲೂ ಯೋಚಿಸಿ.

ತೂತಿನ ಲೆಕ್ಕವೂ ಇದೆ. ದೊಡ್ಡ ಸೈಕಲ್ಲಿಗೆ ಮುಂದೆ 32, ಹಿಂದೆ 40 ಸ್ಪೋಕ್. ನಿಮ್ಮ ರಿಮ್ಮಿಗೆ 36. ಲೋಕಲ್ ಹಬ್ ತಂದು ಅದಕ್ಕೆ ಕಟ್ಟಿಸಲು ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಬ್ರೇಕು. ಈ ಫ್ರೇಮಿಗೆ ಇದ್ದದ್ದು ರಾಡ್ ಬ್ರೇಕ್, ಅಂದರೆ ತಂತಿಯ ಬದಲು ಕಬ್ಬಿಣದ ಕಡ್ಡಿ ಎಳೆಯುವ ಬ್ರೇಕ್. ಅದರ ರಬ್ಬರ್ ರಿಮ್ಮಿನ ಒಳಮೈಗೆ ಒತ್ತುತ್ತದೆ. 700ಸಿ ಅಲಾಯ್ ರಿಮ್ಮಿಗೆ ಬದಿಯಿಂದ ಹಿಡಿಯುವ ಕ್ಯಾಲಿಪರ್ ಬೇಕು, ಅದರ ಕೈ ರಿಮ್ಮಿನವರೆಗೆ ಮುಟ್ಟಬೇಕು. ಗಾಲಿ ಕೊಳ್ಳದೆಯೇ ಅಳೆಯಬಹುದು. ಮುಂದಿನ ಫೋರ್ಕಿನಲ್ಲಿ ಆಕ್ಸಲ್ ಕೂರುವ ಜಾಗದಿಂದ ಮೇಲಿನ ಬ್ರೇಕ್ ಬೋಲ್ಟಿನ ತೂತಿನವರೆಗೆ ಅಳೆಯಿರಿ. ಅದರಲ್ಲಿ 311 ಕಳೆಯಿರಿ, ಅದು 622ರ ಅರ್ಧ. ಉಳಿದದ್ದೇ ಹೆಚ್ಚುಕಡಿಮೆ ಬ್ರೇಕಿನ ಕೈ ಉದ್ದ. ಉದ್ದ ಕೈಯ ಟೆಕ್ಟ್ರೋ ಆರ್559 ಅನ್ನುವ ಕ್ಯಾಲಿಪರ್ ಕೂಡ 55ರಿಂದ 73 ಮಿ.ಮೀ.ವರೆಗೆ ಮಾತ್ರ ಮುಟ್ಟುತ್ತದೆ. ಹಿಂದೆ ಡ್ರಾಪ್‌ಔಟ್‌ಗಳ (ಹಿಂದಿನ ಆಕ್ಸಲ್ ಕೂರುವ ಸೀಳುಗಳ) ನಡುವಿನ ಅಂತರವನ್ನೂ ಅಳೆದು ಬರೆಯಿರಿ.

ರಾಯಚೂರು ಎರೆಹೊಲ:
ನಮ್ಮ ಮನೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇತ್ತು, ಅದಕ್ಕೇ ಹೇಳುತ್ತೇನೆ. ದೊಡ್ಡ ಸೈಕಲ್ ಹುಟ್ಟಿನಿಂದಲೇ ಸಿಂಗಲ್‌ಸ್ಪೀಡ್ ಅಲ್ವಾ? 44 ಹಲ್ಲಿನ ಚೈನ್‌ವೀಲ್, 18 ಹಲ್ಲಿನ ಫ್ರೀವೀಲ್, ದಪ್ಪ ಚೈನ್, ಎಲ್ಲ ಲುಧಿಯಾನಾದಿಂದ ನಮ್ಮ ತಾಲ್ಲೂಕಿನ ಅಂಗಡಿಗಳಿಗೇ ಬರುತ್ತದೆ. ಇದನ್ನು ಆನ್‌ಲೈನಿನಲ್ಲಿ ಯಾಕೆ ಹುಡುಕಬೇಕು?

ತೆಳು ಚೈನ್ ಬೇಡವೇ ಬೇಡ. ಗೇರ್ ಚೈನಿನ ಒಳ ಅಗಲ 3/32 ಇಂಚು, ನಮ್ಮ ಹಲ್ಲುಗಳಿಗೆ ಬೇಕಾದದ್ದು 1/8. ತೆಳ್ಳಗಿನದು ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ.

46ಕ್ಕೆ 16 ಭಾರ ಆಗುತ್ತದೆ. ಆಷಾಢದ ಗಾಳಿ ಎದುರಿಗೆ ಬಂದಾಗ ಮೊಣಕಾಲು ಮಾತಾಡುತ್ತದೆ. 44ಕ್ಕೆ 18 ಹಾಕಿದರೆ ಒಂದು ಸುತ್ತು ಪೆಡಲಿಗೆ ಸುಮಾರು ಐದೂವರೆ ಮೀಟರ್ ಹೋಗುತ್ತೀರಿ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 23 ಕಿ.ಮೀ. ಕೆಲಸಕ್ಕೆ ಹೋಗಲು ಅಷ್ಟು ಸಾಕು.

ಕೊಪ್ಪಳದ ಸವಾರ:
ಅಳೆದೆ. ಫೋರ್ಕಿನದು 392 ಮಿ.ಮೀ. 311 ಕಳೆದರೆ 81. ಹಿಂದಿನ ಅಂತರ 110. ಹಾಗಾದರೆ 700ಸಿ ಆಸೆ ಬಿಡಬೇಕಾ? ಹಗುರ ಆಗಬೇಕು ಅನ್ನುವುದೇ ನನ್ನ ಮುಖ್ಯ ಆಸೆಯಾಗಿತ್ತು.

ಬಳ್ಳಾರಿ ಗುಡ್ಡ:
81 ಅಂದರೆ ಆ ಕ್ಯಾಲಿಪರ್ ಮುಟ್ಟುವುದಿಲ್ಲ. 110ನ್ನು 120ಕ್ಕೆ ಹಿಗ್ಗಿಸಬಹುದು, ಸ್ಟೀಲ್ ಫ್ರೇಮ್ ತಡೆಯುತ್ತದೆ. ಆಮೇಲೆ ಡ್ರಾಪ್‌ಔಟ್ ಎರಡನ್ನೂ ಮತ್ತೆ ಸಮಾನಾಂತರಕ್ಕೆ ತರಬೇಕು. ಆದರೆ ಬ್ರೇಕ್ ಇಲ್ಲದ ಮೇಲೆ ಅಷ್ಟೆಲ್ಲ ಯಾಕೆ? ಹೈವೇಯಲ್ಲಿ ಲಾರಿಗಳ ಜೊತೆ ಓಡಿಸುವ ಸೈಕಲ್ಲಿಗೆ ಎರಡು ಗಟ್ಟಿ ಬ್ರೇಕ್ ಇರಲೇಬೇಕು. 635ರ ಗಾಲಿ, ಹಳೇ ರಾಡ್ ಬ್ರೇಕ್, ಹೊಸ ರಬ್ಬರ್. ನೇರ ಹ್ಯಾಂಡಲ್ ಬಿಡಿ, ರಾಡ್ ಬ್ರೇಕಿನ ಲಿವರ್ ಆ ಹ್ಯಾಂಡಲ್ಲಿನದೇ ಭಾಗ. ಸೆಟ್ ಆಗಿಯೇ ತಗೊಳ್ಳಿ.

ಹಗುರ ಬೇಕಾದರೆ ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಹಾಕಬೇಡಿ. ತುಂಬಾ ತೂಕ ಅಲ್ಲೇ ಇಳಿಯುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ರಿಮ್ಮು, ಸ್ಪೋಕು, ಗಾಲಿ ಕಟ್ಟುವವರ ಕೂಲಿಗೆ ಕೊಡಿ. ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಒಳ್ಳೆಯ ಕೈ ಕಟ್ಟಿದ ಗಾಲಿ ವರ್ಷಗಟ್ಟಲೆ ಬೆಂಡ್ ಆಗುವುದಿಲ್ಲ.

ರಾಯಚೂರು ಎರೆಹೊಲ:
ಒಂದು ಮಾತು ಸೇರಿಸುತ್ತೇನೆ. ಮಳೆಯಲ್ಲಿ ಸ್ಟೀಲ್ ರಿಮ್ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ದೂರದಿಂದಲೇ ಹಿಡಿಯಿರಿ. ಬಳ್ಳಾರಿ ಜಾಲಿ ಮುಳ್ಳಿಗೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಪಟ್ಟಿಯಾಗಿ ಹಾಕಿ. ಪಂಕ್ಚರ್ ಆದಾಗ ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿ. ಮುಳ್ಳಿನ ತುದಿ ಒಳಗೇ ಮುರಿದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಕೊಪ್ಪಳದ ಸವಾರ:
ಇಬ್ಬರಿಗೂ ಧನ್ಯವಾದ. 635ಕ್ಕೇ ಹೋಗುತ್ತೇನೆ. ಚೈನ್ ಎಷ್ಟು ಬಿಗಿ ಇರಬೇಕು?

ಬಳ್ಳಾರಿ ಗುಡ್ಡ:
ನಡುವೆ ಬೆರಳಿಟ್ಟರೆ ಮೇಲೆ ಕೆಳಗೆ ಅರ್ಧ ಇಂಚು ಆಡಬೇಕು. ಪೆಡಲ್ ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ. ಚೈನ್‌ವೀಲ್ ಪೂರ್ತಿ ದುಂಡಗಿರುವುದಿಲ್ಲ, ಒಂದು ಕಡೆ ಬಿಗಿ ಆಗುತ್ತದೆ. ಆ ಬಿಗಿ ಜಾಗದಲ್ಲಿ ಅಳೆದು ಹಿಂದಿನ ನಟ್ ಬಿಗಿಸಿ. ಮೊದಲು ಚೈನ್‌ವೀಲಿಗೆ ಒಂದು ನೇರ ಪಟ್ಟಿ ಆನಿಸಿ, ಅದು ಫ್ರೀವೀಲಿನ ಹಲ್ಲಿಗೆ ಸರಿಯಾಗಿ ಹೋಗುತ್ತದಾ ನೋಡಿಕೊಳ್ಳಿ. ಓರೆ ಇದ್ದರೆ ಹಬ್ಬಿನ ಆಕ್ಸಲ್‌ಗೆ ವಾಷರ್ ಸೇರಿಸಿ ಸರಿ ಮಾಡಿಸಿ, ಆಮೇಲೆ ಚೈನ್ ಹಾಕಿ. ಬಣ್ಣ ಯಾವುದು ಹೊಡೆಸುತ್ತೀರಿ ಅಂತ ಬರೆಯಿರಿ.