ಕೊನ್ಯಾ ಮತ್ತು ಸುತ್ತಲಿನ ಹಳ್ಳಿಗಾಡು: ಹೋಗಿ ಬಂದವರು ಅನುಭವ ತಿಳಿಸಿ

ತುಮಕೂರಿನಿಂದ (ಪ್ರಶ್ನೆ ಕೇಳಿದವರು):
ನಮ್ಮ ತಂದೆಗೆ 72 ವರ್ಷ. ನಿವೃತ್ತಿಯ ನಂತರ ಸೂಫಿ ಕವಿ ರೂಮಿಯ ಪದ್ಯಗಳ ಕನ್ನಡ ಅನುವಾದಗಳನ್ನು ಓದುತ್ತಾ ಬಂದಿರುವ ಅವರಿಗೆ ಟರ್ಕಿಯ ಕೊನ್ಯಾದಲ್ಲಿರುವ ರೂಮಿಯ ಸಮಾಧಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯಿದೆ. ಇಸ್ತಾಂಬುಲ್ ಮುಗಿಸಿಕೊಂಡು ಅಲ್ಲಿಗೆ ನಾಲ್ಕು ದಿನ ಇಟ್ಟುಕೊಂಡಿದ್ದೇವೆ. ತಾಯಿ ಶುದ್ಧ ಸಸ್ಯಾಹಾರಿ, ತಂದೆಗೆ ಮೊಣಕಾಲು ನೋವು. ಅಕ್ಟೋಬರ್ ಒಳ್ಳೆಯದೋ, ಡಿಸೆಂಬರಿನ ಉತ್ಸವವೋ? ಪುರಾತನ ಊರಿನ ಅವಶೇಷಗಳಿರುವ ಚತಾಲ್‌ಹೊಯುಕ್, ಹಳೆಯ ಹಳ್ಳಿ ಸಿಲ್ಲೆ, ಸರೋವರದ ದಂಡೆಯ ಬೆಯ್‌ಶೆಹಿರ್ ನೋಡಲು ಬಾಡಿಗೆ ಕಾರು ಬೇಕೇ ಬೇಕೇ?

ಧಾರವಾಡದಿಂದ:
ಡಿಸೆಂಬರ್ ಬಿಟ್ಟು ಬೇರೆ ಯೋಚನೆಯನ್ನೇ ಮಾಡಬೇಡಿ. ರೂಮಿ ತೀರಿಕೊಂಡದ್ದು 1273ರ ಡಿಸೆಂಬರ್ 17ರಂದು. ಆ ರಾತ್ರಿಯನ್ನು ಅಲ್ಲಿನವರು ಶೆಬ್-ಇ ಅರೂಸ್, ಅಂದರೆ ಮದುವೆಯ ರಾತ್ರಿ ಎಂದು ಕರೆಯುತ್ತಾರೆ. ಸಾವೆಂದರೆ ಪ್ರಿಯನೊಡನೆ ಸೇರುವುದು ಎಂಬ ಭಾವ. ನಾನು ಮತ್ತು ನಮ್ಮ ಯಜಮಾನರು 2018ರಲ್ಲಿ ಹೋಗಿದ್ದೆವು. ಆಗ ಒಂದು ಲಿರಾಕ್ಕೆ ಸುಮಾರು 13 ರೂಪಾಯಿ. ನವೆಂಬರಿನಲ್ಲಿ 180 ಲಿರಾ ಇದ್ದ ಕೋಣೆಗೆ ಉತ್ಸವದ ದಿನಗಳಲ್ಲಿ 420 ಲಿರಾ ಕೇಳಿದರು. ಮೂರು ರಾತ್ರಿಗೆ 1,260 ಲಿರಾ, ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ ದಾಟಿತು. ಎರಡನೆಯ ದಿನ ಬೆಳಿಗ್ಗೆ ಹೋಟೆಲಿನ ಮೆಟ್ಟಿಲ ಮುಂದೆ ಹೆಪ್ಪುಗಟ್ಟಿದ್ದ ನೀರಿನ ಮೇಲೆ ಯಜಮಾನರು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎಕ್ಸ್‌ರೇ, ಪ್ಲಾಸ್ಟರ್, ಮಾತ್ರೆ ಎಲ್ಲ ಸೇರಿ 640 ಲಿರಾ ಆಯಿತು. ಮೂಲ ರಸೀದಿಯಲ್ಲಿ ಮೊಹರು ಸ್ಪಷ್ಟವಾಗಿಲ್ಲ ಎಂಬ ಒಂದೇ ಕಾರಣಕ್ಕೆ ವಿಮೆಯವರು ಒಂದು ಪೈಸೆಯನ್ನೂ ಕೊಡಲಿಲ್ಲ.

ಇಷ್ಟಾದರೂ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅವರು ಸಂಜೆ ಸೆಮಾ, ಅಂದರೆ ರೂಮಿಯ ಪಂಥದ ಸೂಫಿ ಸಾಧಕರಾದ ದರ್ವೇಶಿಗಳು ಸುತ್ತುತ್ತಾ ಮಾಡುವ ಪ್ರಾರ್ಥನೆಯನ್ನು ನೋಡಲು ಬಂದರು. ಕಪ್ಪು ನಿಲುವಂಗಿ ಸಮಾಧಿಯ ಸಂಕೇತ, ಒಳಗಿನ ಬಿಳಿ ಉಡುಪು ಶವವಸ್ತ್ರದ ಸಂಕೇತ, ಉದ್ದನೆಯ ಉಣ್ಣೆಯ ಟೋಪಿ ಗೋರಿಕಲ್ಲಿನ ಸಂಕೇತ. ದರ್ವೇಶಿಗಳು ಕಪ್ಪು ನಿಲುವಂಗಿಯನ್ನು ಕಳಚಿ ಕೆಳಗಿಟ್ಟು, ಬಲ ಅಂಗೈಯನ್ನು ಮೇಲಕ್ಕೂ ಎಡ ಅಂಗೈಯನ್ನು ನೆಲದ ಕಡೆಗೂ ತಿರುಗಿಸಿ ಸುತ್ತಲು ತೊಡಗಿದಾಗ, ಅಷ್ಟು ದೊಡ್ಡ ಸಭಾಂಗಣದಲ್ಲಿ ಬಟ್ಟೆ ಗಾಳಿಯನ್ನು ಸೀಳುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಅಂದು ಅತ್ತದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಂಗಳೂರಿನಿಂದ:
ಧಾರವಾಡದ ಮೇಡಂ ಅವರ ಭಕ್ತಿಗೆ ನಮಸ್ಕಾರ. ಆದರೆ 72 ವರ್ಷದ ಹಿರಿಯರನ್ನು ಸಮುದ್ರಮಟ್ಟದಿಂದ ಸಾವಿರ ಮೀಟರ್ ಎತ್ತರದ ಬಯಲಿಗೆ ಡಿಸೆಂಬರಿನಲ್ಲಿ ಕರೆದೊಯ್ಯಿರಿ ಎಂದು, ತಮ್ಮ ಮನೆಯವರ ಕೈ ಮುರಿದ ಕಥೆಯನ್ನೂ ಹೇಳಿ ಸಲಹೆ ಕೊಡುವುದು ಸರಿಯಲ್ಲ. ನಾವು 2023ರ ಅಕ್ಟೋಬರಿನಲ್ಲಿ ಹೋಗಿದ್ದೆವು. ಹವೆ ಹಿತವಾಗಿತ್ತು, ಸಮಾಧಿಯ ಬಳಿ ಜನವೂ ಕಡಿಮೆಯಿದ್ದರು. ನನ್ನ ಒಂದೇ ತಪ್ಪೆಂದರೆ ಭಾನುವಾರ ತಲುಪಿ ಶುಕ್ರವಾರ ಹೊರಟದ್ದು. ವಾರದ ಸೆಮಾ ಇದ್ದದ್ದು ಶನಿವಾರ ಸಂಜೆ. ಐದು ರಾತ್ರಿ ಆ ಊರಿನಲ್ಲಿದ್ದೂ ಅದೊಂದನ್ನು ನೋಡದೆ ಬಂದೆವೆಂಬ ಕೊರಗು ನನ್ನ ಹೆಂಡತಿಗೆ ಈಗಲೂ ಇದೆ.

ಇನ್ನು ಚತಾಲ್‌ಹೊಯುಕ್. ಹೋಗಿ ಬರಲು ಟ್ಯಾಕ್ಸಿಗೆ 1,500 ಲಿರಾ ಎಂದು ಮಾತಾಗಿತ್ತು. ಅಲ್ಲಿ ಒಂದು ಗಂಟೆಗಿಂತ ಹೆಚ್ಚು ಕಾಯಿಸಿದಿರಿ ಎಂದು ಚಾಲಕ ಇನ್ನೂ 300 ಲಿರಾ ಪಡೆದ. ಆಗಿನ ದರದಲ್ಲಿ ಒಟ್ಟು 5,400 ರೂಪಾಯಿ. ಅಷ್ಟು ಕೊಟ್ಟು ನೋಡಿದ್ದೇನು? ದೊಡ್ಡ ಚಪ್ಪರಗಳ ಕೆಳಗೆ ಮಣ್ಣಿನ ಗೋಡೆಗಳು. ಅಲ್ಲಿ ಸಿಕ್ಕ, ಎರಡು ಚಿರತೆಗಳ ನಡುವೆ ಕುಳಿತ ಹೆಂಗಸಿನ ಪ್ರಸಿದ್ಧ ಮೂರ್ತಿ ಇರುವುದು ಅಂಕಾರಾದ ವಸ್ತುಸಂಗ್ರಹಾಲಯದಲ್ಲಿ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಹಣ ಉಳಿಯುತ್ತಿತ್ತು.

ಬೆಂಗಳೂರಿನಿಂದ:
ಮಂಗಳೂರಿನ ಸರ್ ಅವರ ಮಾತು ಓದಿ ನನಗೆ ನಿಜಕ್ಕೂ ಬೇಸರವಾಯಿತು. ಆ ಮಣ್ಣಿನ ಗೋಡೆಗಳಿಗೆ ಸುಮಾರು 9,000 ವರ್ಷ ವಯಸ್ಸು. ಅದು ಬೀದಿಗಳೇ ಇಲ್ಲದ ಊರು. ಮನೆಗೆ ಮನೆ ಅಂಟಿಕೊಂಡಿತ್ತು, ಜನ ಮಾಳಿಗೆಯ ಮೇಲೆ ಓಡಾಡಿ, ಮಾಳಿಗೆಯ ಕಿಂಡಿಯಿಂದ ಏಣಿ ಇಳಿದು ಮನೆಯೊಳಗೆ ಹೋಗುತ್ತಿದ್ದರು. ಸತ್ತವರನ್ನು ತಾವು ಮಲಗುವ ಜಗಲಿಯ ಕೆಳಗೇ ಹೂಳುತ್ತಿದ್ದರು. 1960ರ ದಶಕದಲ್ಲಿ ಜೇಮ್ಸ್ ಮೆಲಾರ್ಟ್, 1993ರಿಂದ ಇಯಾನ್ ಹಾಡರ್ ಅವರ ತಂಡ ಅಲ್ಲಿ ಉತ್ಖನನ ನಡೆಸಿದ್ದು, 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಬಳಿಯಲ್ಲೇ ಅದೇ ಬಗೆಯಲ್ಲಿ ಕಟ್ಟಿ ತೋರಿಸಿರುವ ಮನೆಯೊಳಗೆ ನಾನು ಹತ್ತು ನಿಮಿಷ ನಿಂತಿದ್ದೆ. ಹೊಗೆ ಹೋಗಲಿ ಎಂದು ಒಲೆಯನ್ನು ಮಾಳಿಗೆಯ ಕಿಂಡಿಯ ಕೆಳಗೇ ಇಟ್ಟಿದ್ದಾರೆ. ಗೋಡೆಗೆ ಬಳಿದ ಬಿಳಿಯ ಮಣ್ಣನ್ನು ಕಂಡಾಗ ನಮ್ಮ ಅಜ್ಜಿ ಹಬ್ಬದ ಹಿಂದಿನ ದಿನ ಗೋಡೆ ಸಾರಿಸುತ್ತಿದ್ದದ್ದು ನೆನಪಾಯಿತು. ಆ ಗೋಡೆಗಳಿಗೂ ಮತ್ತೆ ಮತ್ತೆ ಬಳಿದ ಪದರಗಳು ಸಿಕ್ಕಿವೆ.

ಟ್ಯಾಕ್ಸಿಗೆ ಅಷ್ಟು ಹಣ ಸುರಿಯುವ ಅಗತ್ಯವೂ ಇರಲಿಲ್ಲ. ನಾನು ದೋಲ್ಮುಶ್‌ನಲ್ಲಿ (ಹಲವರು ಸೇರಿ ಹೋಗುವ ಮಿನಿ ಬಸ್ಸು) ಚುಮ್ರಾ ಪಟ್ಟಣದವರೆಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದೆ. ಖರ್ಚು ಅವರದರ ಮೂರನೇ ಒಂದು ಪಾಲು ಕೂಡ ಆಗಲಿಲ್ಲ. ಮರಳುವಾಗ ದೋಲ್ಮುಶ್ ಕಣ್ಣೆದುರೇ ಹೊರಟುಹೋಗಿ ಒಂದು ಗಂಟೆ ನಲವತ್ತು ನಿಮಿಷ ಕಾಯಬೇಕಾಯಿತು. ಬೀಜದ ಅಂಗಡಿಯ ಯಜಮಾನರು ಕುರ್ಚಿ ಹಾಕಿ ಕೂರಿಸಿ ಮೂರು ಲೋಟ ಚಹಾ ಕೊಟ್ಟರು, ಎಷ್ಟು ಒತ್ತಾಯಿಸಿದರೂ ಹಣ ಮುಟ್ಟಲಿಲ್ಲ.

ಮಂಗಳೂರಿನಿಂದ:
ಒಬ್ಬರೇ ಬೆನ್ನಚೀಲ ಹಾಕಿಕೊಂಡು ಹೋಗುವವರು ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಕಾಯಬಹುದು. ನನ್ನ ಜೊತೆಯಲ್ಲಿ ಹೆಂಡತಿ, ಅತ್ತೆ ಮತ್ತು ಒಂಬತ್ತು ವರ್ಷದ ಮಗಳಿದ್ದರು. ಇತಿಹಾಸ ನನಗೂ ಗೊತ್ತು, ಅದನ್ನು ನನಗೆ ಪಾಠ ಮಾಡಬೇಕಾಗಿಲ್ಲ.

ಫ್ರಾಂಕ್‌ಫರ್ಟ್‌ನಿಂದ:
ಕಾರು ತೆಗೆದುಕೊಳ್ಳಿ, ಆದರೆ ನಾನು ಪಟ್ಟ ಪಾಡು ನಿಮಗೆ ಬೇಡ. 2024ರ ಮೇ ತಿಂಗಳಲ್ಲಿ ಮೂರು ದಿನಕ್ಕೆ 135 ಯೂರೊ ಬಾಡಿಗೆ, ಕ್ರೆಡಿಟ್ ಕಾರ್ಡ್‌ನಲ್ಲಿ 400 ಯೂರೊ ಠೇವಣಿ ಹಿಡಿದಿಟ್ಟರು. ಹಿಂತಿರುಗಿಸುವಾಗ ಮುಂದಿನ ಬಂಪರಿನ ಕೆಳಗೆ ಅಂಗೈ ಅಗಲದ ಗೀರು ಇದೆ ಎಂದರು. ಕಾರು ಪಡೆಯುವಾಗ ನಾಲ್ಕೂ ಬದಿಯ ಚಿತ್ರ ತೆಗೆದಿದ್ದೆ, ಬಗ್ಗಿ ಬಂಪರಿನ ಕೆಳಗಿನದನ್ನು ತೆಗೆದಿರಲಿಲ್ಲ. 190 ಯೂರೊ ಕಡಿತವಾಯಿತು; ಉಳಿದ 210 ಯೂರೊ ಕೈಸೇರಲು 31 ದಿನ ಮತ್ತು ಏಳು ಮಿಂಚಂಚೆ ಬೇಕಾದವು. ಆ ಗೀರು ಮೊದಲೇ ಇತ್ತೆಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ.

ಆದರೂ ಕಾರಿಲ್ಲದಿದ್ದರೆ ಪಶ್ಚಿಮಕ್ಕೆ ಸುಮಾರು 90 ಕಿಲೋಮೀಟರ್ ದೂರದ ಬೆಯ್‌ಶೆಹಿರ್ ನನಗೆ ಹಾಗೆ ದಕ್ಕುತ್ತಿರಲಿಲ್ಲ. 1299ರ ವೇಳೆಗೆ ಪೂರ್ಣಗೊಂಡ ಎಶ್ರೆಫೊಗ್ಲು ಮಸೀದಿಯೊಳಗೆ ಕಾಲಿಟ್ಟರೆ ಮರದ ಕಂಬಗಳ ಕಾಡಿನೊಳಗೆ ನಿಂತಂತಾಗುತ್ತದೆ. ನಟ್ಟನಡುವೆ ನೆಲದಲ್ಲೊಂದು ಗುಂಡಿಯಿದೆ. ಹಿಂದೆ ಅದರ ಮೇಲಿನ ಮಾಡು ತೆರೆದಿತ್ತಂತೆ, ಚಳಿಗಾಲದ ಹಿಮವನ್ನು ಅದರೊಳಗೆ ತುಂಬಿಸುತ್ತಿದ್ದರಂತೆ. ಹಿಮ ಮೆಲ್ಲಗೆ ಕರಗುತ್ತಾ ಕಟ್ಟಡಕ್ಕೆ ತೇವ ಕೊಟ್ಟು, ಮರ ಒಣಗಿ ಬಿರಿಯದಂತೆ ಕಾಯುತ್ತಿತ್ತೆಂದು ಅಲ್ಲಿನ ಹಿರಿಯರೊಬ್ಬರು ಸನ್ನೆ ಮಾಡಿ ತಿಳಿಸಿದರು. ಬೆಯ್‌ಶೆಹಿರ್ ಸರೋವರದ ದಂಡೆಯಲ್ಲೇ, ಹಿಂದೆ ಕೊನ್ಯಾದಿಂದ ಆಳಿದ ಸೆಲ್ಜುಕ್ ಸುಲ್ತಾನರ ಕುಬಾದಾಬಾದ್ ಅರಮನೆಯ ಅವಶೇಷಗಳಿವೆ. ಅಲ್ಲಿ ಸಿಕ್ಕ ಎಂಟು ಮೂಲೆಯ ನಕ್ಷತ್ರದಾಕಾರದ ಹೆಂಚುಗಳನ್ನು, ಅವುಗಳ ಮೇಲಿನ ಹಕ್ಕಿ ಮತ್ತು ಮನುಷ್ಯರ ಚಿತ್ರಗಳನ್ನು ಕೊನ್ಯಾದ ಕರಾತಾಯ್ ಮದ್ರಸಾದಲ್ಲಿ (ಹಳೆಯ ಧಾರ್ಮಿಕ ಪಾಠಶಾಲೆ, ಈಗ ವಸ್ತುಸಂಗ್ರಹಾಲಯ) ನೋಡಬೇಕು. ಆ ಮದ್ರಸಾ 1251ರದು, ಅದರ ಗುಮ್ಮಟದ ಒಳಮೈ ತುಂಬ ನೀಲಿ ಹೆಂಚಿನ ನಕ್ಷತ್ರಗಳಿವೆ. ನಾನು ಮೊದಲು ಸರೋವರ ಕಂಡು ಆಮೇಲೆ ಹೆಂಚು ಕಂಡೆ. ಆ ಕ್ರಮ ಬದಲಾಗಿದ್ದರೆ ಅರ್ಧದಷ್ಟೂ ಅರ್ಥವಾಗುತ್ತಿರಲಿಲ್ಲ.

ಮಂಗಳೂರಿನಿಂದ:
ಯೂರೊದಲ್ಲಿ ಸಂಬಳ ಬರುವವರಿಗೆ 190 ಹೋದರೂ ನಡೆಯುತ್ತದೆ. ರೂಪಾಯಿಯಲ್ಲಿ ದುಡಿಯುವವರಿಗೆ ದಯವಿಟ್ಟು ಕಾರಿನ ಸಲಹೆ ಕೊಡಬೇಡಿ.

ಫ್ರಾಂಕ್‌ಫರ್ಟ್‌ನಿಂದ:
ನನ್ನ ಸಂಬಳದ ವಿಚಾರ ಇಲ್ಲಿ ಬೇಡ ಸರ್. ನಾನೂ ಹಾವೇರಿಯ ರೈತರ ಮಗ, ಆ 190 ಯೂರೊ ನನಗೂ ನೋವು ಕೊಟ್ಟಿದೆ.

ಬೆಂಗಳೂರಿನಿಂದ:
ಊಟದ ಬಗ್ಗೆ ಒಂದು ಮಾತು. ತಾಯಿಯವರು ಚಿಂತೆ ಮಾಡಬೇಕಾಗಿಲ್ಲ. ಕೊನ್ಯಾದಲ್ಲಿ ಬಾಮ್ಯಾ ಚೋರ್ಬಾಸಿ ಎಂಬ ಬೆಂಡೆಕಾಯಿ ಸಾರು ಪ್ರಸಿದ್ಧ, ಹುಳಿಹುಳಿಯಾಗಿ ನಮ್ಮ ಬಾಯಿಗೆ ಹಿಡಿಸುತ್ತದೆ.

ಧಾರವಾಡದಿಂದ:
ದಯವಿಟ್ಟು ಈ ಮಾತನ್ನು ತಕ್ಷಣ ತಿದ್ದಿಕೊಳ್ಳಿ. ಆ ಸಾರಿನಲ್ಲಿ ಸಣ್ಣಗೆ ಹೆಚ್ಚಿದ ಮಾಂಸವಿರುತ್ತದೆ. ನಾನು ಅಡುಗೆಮನೆಯವರೆಗೆ ಹೋಗಿ ಕೇಳಿ, ಕಣ್ಣಿನಿಂದ ನೋಡಿ ಬಂದಿದ್ದೇನೆ. ಬೆಂಡೆಕಾಯಿಯೇನೋ ಅದ್ಭುತವೇ. ಕಿರುಬೆರಳಿನ ಉಗುರಿನಷ್ಟು ಎಳೆಯ ಕಾಯಿಗಳನ್ನು ಮಲ್ಲಿಗೆ ಮೊಗ್ಗಿನಂತೆ ದಾರಕ್ಕೆ ಪೋಣಿಸಿ ಒಣಗಿಸಿರುತ್ತಾರೆ. ನಾನು ಒಂದು ಸರ ಕೊಂಡು ತಂದು ಮನೆಯಲ್ಲಿ ಹುಳಿ ಮಾಡಿದೆ. ಆದರೆ ಹೋಟೆಲಿನ ಸಾರನ್ನು ಸಸ್ಯಾಹಾರಿಗಳಿಗೆ ಸೂಚಿಸುವುದು ಅಪರಾಧ. ಬೇಳೆಯ ಸಾರನ್ನೂ ಕೆಲವೆಡೆ ಮಾಂಸದ ನೀರಿನಲ್ಲೇ ಕುದಿಸುತ್ತಾರೆ, ಕೇಳಿಯೇ ತಿನ್ನಬೇಕು. ನಾವು ಪಿದೆ ಎಂಬ ಚೀಸ್ ಹಾಕಿದ ರೊಟ್ಟಿ, ಮೊಸರು, ಸಿಮಿತ್ ಎಂಬ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು ಮತ್ತು ಮನೆಯಿಂದ ಒಯ್ದ ಎರಡು ಕಿಲೋ ಅವಲಕ್ಕಿ, ಶೇಂಗಾ ಚಟ್ನಿಪುಡಿಯಲ್ಲಿ ದಿನ ಕಳೆದೆವು.

ಬೆಂಗಳೂರಿನಿಂದ:
ನಾನು ತಿಂದ ಬಟ್ಟಲಿನಲ್ಲಿ ಮಾಂಸ ಕಾಣಲಿಲ್ಲ. ಆದರೆ ನಾನು ಮಾಂಸಾಹಾರಿ, ಹುಡುಕಿಯೂ ನೋಡಿರಲಿಲ್ಲ. ಮೇಡಂ ಹೇಳಿದ್ದೇ ಸರಿಯಿರಬಹುದು, ಕ್ಷಮೆಯಿರಲಿ.

ತುಮಕೂರಿನಿಂದ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಬರುವಂತೆ ನೋಡಿಕೊಂಡು ಅಕ್ಟೋಬರಿಗೆ ಟಿಕೆಟ್ ಮಾಡಿಸಿದ್ದೇನೆ. ಅವಲಕ್ಕಿಯೂ ಪಟ್ಟಿಗೆ ಸೇರಿತು. ತಂದೆಯ ಮೊಣಕಾಲಿನ ವಿಷಯವನ್ನು ಮಾತ್ರ ಯಾರೂ ಹೇಳಲಿಲ್ಲ.

ಮಂಗಳೂರಿನಿಂದ:
ನಮ್ಮ ಅತ್ತೆಗೂ ಅದೇ ತೊಂದರೆ ಇದ್ದುದರಿಂದ ಹೇಳುತ್ತೇನೆ. ಊರ ನಡುವಿನ ಅಲಾಎದ್ದೀನ್ ದಿಬ್ಬದಿಂದ ರೂಮಿಯ ಸಮಾಧಿಯಿರುವ ಮೆವ್ಲಾನಾ ವಸ್ತುಸಂಗ್ರಹಾಲಯದವರೆಗೆ ಸುಮಾರು ಒಂದು ಕಿಲೋಮೀಟರ್ ನೇರ, ಸಮತಟ್ಟಾದ ರಸ್ತೆ, ಟ್ರಾಮ್ ಕೂಡ ಇದೆ. ಸಮಾಧಿಯೊಳಗೆ ಹೋಗುವಾಗ ಚಪ್ಪಲಿಯ ಮೇಲೆ ಪ್ಲಾಸ್ಟಿಕ್ ಕವಚ ಹಾಕಿಕೊಳ್ಳಬೇಕು. ಬಗ್ಗಲು ಕಷ್ಟವಿದ್ದವರಿಗೆ ಇನ್ನೊಬ್ಬರು ಹಾಕಿಕೊಡಬೇಕಾಗುತ್ತದೆ, ಜಾರದಂತೆ ಕೈ ಹಿಡಿದಿರಿ. ಕರಾತಾಯ್ ಮದ್ರಸಾವನ್ನು ಅತ್ತೆ ನಿಧಾನವಾಗಿ ನಡೆದೇ ನೋಡಿದರು. ಸಿಲ್ಲೆಗೆ ಸಿಟಿ ಬಸ್ಸಿನಲ್ಲೇ ಹೋದೆವು. ಕೆಳಗಿನ ಹಳ್ಳದ ಬದಿಯ ದಾರಿ ಅವರಿಗೆ ಸುಲಭವಾಯಿತು, ಮೇಲಿನ ಓಣಿಗಳು ಮಾತ್ರ ಕಡಿದಾದ ಕಲ್ಲುಹಾಸು. ಅವರು ಮೇಲೆ ಹತ್ತಲಿಲ್ಲ, ಚಹಾದಂಗಡಿಯ ಬೆಂಚಿನಲ್ಲಿ ಕುಳಿತು ಗೂಡಿನಂತೆ ಬಂಡೆಯಲ್ಲಿ ಕೊರೆದ ಕೋಣೆಗಳನ್ನು ನೋಡುತ್ತಿದ್ದರು. ಚತಾಲ್‌ಹೊಯುಕ್‌ನಲ್ಲಿ ದಿಬ್ಬ ಏರಬೇಕು, ನೆರಳಿಲ್ಲ. ಅಲ್ಲಿಗೆ ಹೋಗುವುದಾದರೆ ಟ್ಯಾಕ್ಸಿಯಲ್ಲೇ ಹೋಗಿ, ಎಷ್ಟು ಹೊತ್ತು ಕಾಯಬೇಕೆಂಬುದನ್ನು ಹೊರಡುವ ಮೊದಲೇ ಚಾಲಕನಿಂದ ಕಾಗದದಲ್ಲಿ ಬರೆಸಿಕೊಳ್ಳಿ.